ರೆಕ್ಕೆಯ ಚಿತ್ರಕ್ಕೆ ಆರು ಅಂಕ

ಬಂಗಲೆ ಹೋಟೆಲು, ಹನ್ನೊಂದನೆಯ ಕೋಣೆ
ಡಿಸೆಂಬರ್ 12, ಶುಕ್ರವಾರ, ಸಂಜೆ

ಮಗಳೇ,

ನೀನು ಇಬ್ಬರಿಗೆಂದು ಕಾದಿರಿಸಿದ ಕೋಣೆಗೆ ಒಬ್ಬನೇ ಬಂದು ಸೇರಿದ್ದೇನೆ. ನಿನ್ನ ತಾಯಿ ಚೀಲವನ್ನು ತುಂಬಿ ಬಾಗಿಲಿನವರೆಗೆ ತಂದುಕೊಟ್ಟು, "ಕಣ್ಣಿನ ಆಪರೇಷನ್ ಆಗಿದ್ದು ನಿಮಗೆ, ನೀವು ಹೋಗ್ಬನ್ನಿ. ಎರಡು ದಿನ ನೀವು ಮನೇಲಿಲ್ಲ ಅಂದ್ರೆ ನನಗೆ ಇಲ್ಲೇ ವಿಶ್ರಾಂತಿ" ಎಂದಳು. ಅವಳ ಪಾಲಿನ ವಿಶ್ರಾಂತಿ ಈಗ ಆರಂಭವಾಗಿರಬೇಕು. ನನ್ನದರ ವರದಿ ಕೆಳಗಿದೆ.

ಬಾಗಿಲಲ್ಲೇ ಒಬ್ಬ ಹುಡುಗಿ ಇಕ್ಕಳದಲ್ಲಿ ಹಿಡಿದ ಬಿಸಿಯಾದ ಒದ್ದೆ ಬಟ್ಟೆಯನ್ನು ನನ್ನ ಮುಂದೆ ಚಾಚಿ, "ಮುಖ ಒರೆಸ್ಕೊಳ್ಳಿ ಸರ್" ಎಂದಳು. ಮುಖ ತೊಳೆಯದೆ ನಾನು ಎಂದೂ ಮನೆಯ ಹೊಸ್ತಿಲು ದಾಟಿದವನಲ್ಲ. ಒಳಗೆ ಕಾಲಿಟ್ಟರೆ ಹಜಾರದ ತುಂಬ ಸುಟ್ಟ ಸೌದೆಯ ಪರಿಮಳ; ಸೌದೆ ಮಾತ್ರ ಎಲ್ಲಿಯೂ ಇಲ್ಲ. ಗೋಡೆಗೆ ಬಡಿದ ಬಿಳಿಯ ಡಬ್ಬಿಯೊಂದು ಹತ್ತು ನಿಮಿಷಕ್ಕೊಮ್ಮೆ ನಿಟ್ಟುಸಿರಿಟ್ಟು ಅದನ್ನು ಉಗುಳುತ್ತದೆ. ಅಗ್ಗಿಷ್ಟಿಕೆ ಎಂದು ಅವರು ತೋರಿಸಿದ್ದು ಒಂದು ಗಾಜಿನ ಪೆಟ್ಟಿಗೆ. ಅದರೊಳಗೆ ಬಣ್ಣ ಬಳಿದ ಕೊರಡುಗಳು, ಫ್ಯಾನಿನ ಗಾಳಿಗೆ ಹಾರಾಡುವ ಕೇಸರಿ ಬಣ್ಣದ ಬಟ್ಟೆಯ ಚೂರುಗಳು. ಪ್ರಾಯಕ್ಕೆ ಬಂದ ಇಬ್ಬರು ಗಂಡಸರು ಅದರ ಮುಂದೆ ಅಂಗೈ ಚಾಚಿ ಚಳಿ ಕಾಯಿಸಿಕೊಳ್ಳುತ್ತಿದ್ದರು.

ಕಪಾಟಿನ ತುಂಬ ಪುಸ್ತಕಗಳಿವೆಯೆಂದು ನೀನು ಬರೆದಿದ್ದೆ. ಇವೆ. ಒಂದನ್ನು ಎಳೆದೆ, ಐದು ಒಟ್ಟಿಗೆ ಬಂದವು. ಅಂಟು ಹಾಕಿ ಕೂಡಿಸಿದ್ದಾರೆ. ಹಿತ್ತಿಲಲ್ಲಿ ಬಿಸಿನೀರಿನ ಕೊಳವೊಂದಿದೆ. ಒಂಬತ್ತು ಜನ ಒಂದೇ ನೀರಿನಲ್ಲಿ ಕುತ್ತಿಗೆಯ ತನಕ ಮುಳುಗಿ ಬೇಯುತ್ತಿದ್ದರು. ನಾನು ನೋಡುತ್ತಿದ್ದಂತೆಯೇ ಒಬ್ಬ ಮಹಾಶಯರು ಅದೇ ನೀರಿನಲ್ಲಿ ಮೂಗು ಸೀಟಿ ತೊಳೆದುಕೊಂಡರು, ಉಳಿದ ಎಂಟು ಜನ ಕಣ್ಣು ಮುಚ್ಚಿ ಸುಖಪಡುತ್ತಲೇ ಇದ್ದರು. ಅಲ್ಲಿಂದ ಎದ್ದವರು ಬಿಳಿಯ ಸ್ನಾನದ ನಿಲುವಂಗಿಯಲ್ಲೇ ಊಟದ ಮನೆಗೆ ಬರುತ್ತಾರೆ. ರೋಮಭರಿತವಾದ ಮೊಣಕಾಲುಗಳನ್ನು ನೋಡುತ್ತ ಸಾರು ಕುಡಿಯುವ ಅಭ್ಯಾಸ ನನಗಿಲ್ಲ.

ಹಾಸಿಗೆಯ ಮೇಲೆ ಹೂವಿನ ಪಕಳೆಗಳು. ಟವೆಲನ್ನು ಹಂಸದಂತೆ ಮಡಚಿ, ಅದರ ಕೊರಳಿಗೆ ರಿಬ್ಬನ್ನು ಕಟ್ಟಿದ್ದರು. ಗಂಟು ಎಷ್ಟು ಸಡಿಲವಾಗಿತ್ತೆಂದರೆ ನಾನು ಬಿಚ್ಚಿ ಸರಿಯಾಗಿ ಕಟ್ಟಬೇಕಾಯಿತು. ದಿಂಬಿನ ಮೇಲೆ ಒಂದು ಚೀಟಿ: "ಇಲ್ಲಿ ನೀವು ಏನನ್ನೂ ಮಾಡಬೇಕಾಗಿಲ್ಲ." ಅದರ ಹಿಂಬದಿಯಲ್ಲಿ ಹದಿನೆಂಟು ಬಾಬುಗಳ ವೇಳಾಪಟ್ಟಿ.

ಮೇಜಿನ ಮೇಲೆ ಬರೆಯಲು ಸ್ಥಳವಿಲ್ಲ. ಅಲ್ಲಿ ಒಂದು ಬಟ್ಟಲು ಕಲ್ಲುಗಳನ್ನು ಇಟ್ಟಿದ್ದಾರೆ. ಆದಕಾರಣ ಬಟ್ಟೆ ಹೊದಿಸಿದ ನನ್ನ ಹಳೆಯ ಪರೀಕ್ಷೆಯ ರಟ್ಟನ್ನು ತೊಡೆಯ ಮೇಲಿಟ್ಟುಕೊಂಡು ಬರೆಯುತ್ತಿದ್ದೇನೆ. ಅದನ್ನು ಚೀಲದಲ್ಲಿ ಇಡಲು ನಾನು ನಿನ್ನ ತಾಯಿಗೆ ಹೇಳಿರಲಿಲ್ಲ.

ನಾಳೆ ಬೆಳಿಗ್ಗೆ ಏಳಕ್ಕೆ "ಹಕ್ಕಿ ತಾತನ ಜೊತೆ ಮಂಜಿನ ನಡಿಗೆ" ಎಂದಿದೆ. ಹೆಸರನ್ನು ಓದಿದಾಗ ವಾಕರಿಕೆ ಬಂದರೂ ಹೋಗುತ್ತೇನೆ. ನಡಿಗೆಯನ್ನು ಯಾರೂ ಅಂಟು ಹಾಕಿ ಕೂಡಿಸಲಾರರು.

ನಿನ್ನ ಅಪ್ಪ


ಅದೇ ಹೋಟೆಲು
ಡಿಸೆಂಬರ್ 13, ಶನಿವಾರ, ಮಧ್ಯಾಹ್ನ

ಮಗಳೇ,

ನಿನಗೆ ಗೊತ್ತಿತ್ತೆ? ಒಂದೇ ಪದದಲ್ಲಿ ಉತ್ತರಿಸು.

ಏಳು ಗಂಟೆಗೆ ಹನ್ನೆರಡು ಜನ ನಿಲುವಂಗಿಯ ಮೇಲೆ ಕೋಟು ಹೇರಿಕೊಂಡು ಮೆಟ್ಟಿಲ ಬಳಿ ನಿಂತಿದ್ದೆವು. ಮಂಜಿನೊಳಗಿಂದ ಮುದುಕನೊಬ್ಬ ಬಂದ. ತಲೆಯ ಮೇಲೆ ಹಸಿರು ಟೊಪ್ಪಿಗೆ, ಅದರಲ್ಲಿ ಗೇಣುದ್ದದ ಬಣ್ಣದ ಗರಿ, ಎದೆಯ ಮೇಲೆ "ಹಕ್ಕಿ ತಾತ" ಎಂಬ ಬಿಲ್ಲೆ. ಬಂದವನೇ ಎರಡು ಬೆರಳುಗಳನ್ನು ಬಾಯಿಗಿಟ್ಟು ಹಕ್ಕಿಯಂತೆ ಸಿಳ್ಳೆ ಹಾಕಿದ. ಎಲ್ಲರೂ ಚಪ್ಪಾಳೆ ತಟ್ಟಿದರು. "ತಾತಾ, ಇನ್ನೊಂದ್ಸಲ! ವಿಡಿಯೋ ತಗೋತೀನಿ" ಎಂದು ಒಬ್ಬಾಕೆ ಹೇಳಿದಳು. ಅವನು ಇನ್ನೊಮ್ಮೆ ಹಾಕಿದ.

ಅವನು ನಿನ್ನ ವಿಜ್ಞಾನದ ಮಾಮ. ನನ್ನೊಂದಿಗೆ ಇಪ್ಪತ್ತಾರು ವರ್ಷ ಒಂದೇ ಶಾಲೆಗೆ ನಡೆದು ಹೋಗಿ, ಒಂದೇ ಬೆಂಚಿನ ಮೇಲೆ ಕುಳಿತು ಬುತ್ತಿ ಬಿಚ್ಚಿದ ಮನುಷ್ಯ. ತರಗತಿಯಲ್ಲಿ ಯಾರಾದರೂ ಸಿಳ್ಳೆ ಹಾಕಿದರೆ ಸೀಮೆಸುಣ್ಣವನ್ನು ಗುರಿಯಿಟ್ಟು ಎಸೆಯುತ್ತಿದ್ದವನು ಅವನೇ.

ಅವನು ನನ್ನನ್ನು ಕಂಡ. "ಸರ್, ನೀವು ಸ್ವಲ್ಪ ಮುಂದೆ ಬನ್ನಿ, ಅಲ್ಲಿಂದ ಕಾಣಲ್ಲ" ಎಂದ, ಎಲ್ಲರಿಗೂ ಹೇಳುವ ಧ್ವನಿಯಲ್ಲೇ. ನಡಿಗೆ ಮುಗಿದ ಮೇಲೆ ಬಿಸಿ ಕಾಫಿ ಹಂಚಿದರು. ಕುಡಿದ ಕಪ್ಪುಗಳನ್ನು ತಟ್ಟೆಯಲ್ಲಿ ಕೂಡಿಸುತ್ತ ಬಂದವನೂ ಅವನೇ. ನನ್ನ ಮುಂದೆ ನಿಂತ.

"ಕಣ್ಣು ಸರಿಹೋಯ್ತಾ ಮೇಷ್ಟ್ರೇ?"

"ಹೋಯಿತು."

ಹಕ್ಕಿಗಳ ಹೆಸರು ಬರೆದುಕೊಳ್ಳಲೆಂದು ರಟ್ಟನ್ನು ಕಂಕುಳಲ್ಲಿ ಇಟ್ಟುಕೊಂಡಿದ್ದೆ. ಅವನ ದೃಷ್ಟಿ ಅದರ ಮೇಲೆ ನಿಂತಿತು. "ಇನ್ನೂ ಇದೆಯಾ ಈ ರಟ್ಟು? ಬಟ್ಟೆ ಹೊಸದು. ಅತ್ತಿಗೆ ಹೊಲಿದಿದ್ದಾ?"

"ಹೌದು."

"ಜೇಬು ಕೂಡ ಹೊಸದೇ ಹಾಕಿದಾರೆ" ಎಂದ. ಅಷ್ಟರಲ್ಲಿ ಯಾರೋ "ಹಕ್ಕಿ ತಾತಾ, ಇಲ್ಲೊಂದು ಕಪ್ಪು!" ಎಂದು ಕೂಗಿದರು. ಹೋದ.

ಚಲನೆಯ ನಿಯಮಗಳನ್ನು ಕಲಿಸಿದ ಬಾಯಿ ನಿಲುವಂಗಿಯವರಿಗಾಗಿ ಸಿಳ್ಳೆ ಹಾಕುತ್ತದೆ. ಇಂಥ ಹೇಸಿಗೆಯನ್ನು ನಾನು ಇತ್ತೀಚೆಗೆ ಕಂಡಿಲ್ಲ. ಇದನ್ನು ಕನಿಕರವೆಂದು ಭಾವಿಸಬೇಡ. ಆಗ ನೀನು ಕಾಲೇಜಿನ ಹಾಸ್ಟೆಲಿನಲ್ಲಿದ್ದೆ, ಆದ್ದರಿಂದ ಒಮ್ಮೆ ಮಾತ್ರ ಬರೆಯುತ್ತೇನೆ. ಎಂಟು ವರ್ಷಗಳ ಹಿಂದೆ, ವಾರ್ಷಿಕ ಪರೀಕ್ಷೆಯ ಮೌಲ್ಯಮಾಪನದಲ್ಲಿ ಅವನು ವಿಜ್ಞಾನದ ಉತ್ತರಪತ್ರಿಕೆಗಳನ್ನು ತಿದ್ದಿದ. ಅಂಕಗಳ ಮರುಎಣಿಕೆ ನನ್ನ ಪಾಲಿಗಿತ್ತು. ಒಂದು ಪತ್ರಿಕೆಯ ಮೇಲೆ ಅರುವತ್ತೊಂದು ಎಂದು ಬರೆದಿದ್ದ. ಮೂರು ಸಲ ಕೂಡಿದೆ; ಐವತ್ತೈದೇ ಬಂತು. ಕೇಳಿದರೆ, "ಅಡಿಷನಲ್ ಶೀಟ್ ಇತ್ತಲ್ಲ, ಹಕ್ಕಿ ರೆಕ್ಕೆ ಚಿತ್ರ, ಆರು ಅಂಕ ಕೊಟ್ಟಿದ್ದೆ" ಎಂದ. ಅಂಥ ಹೆಚ್ಚುವರಿ ಹಾಳೆ ಆ ಕೋಣೆಯಲ್ಲೆಲ್ಲೂ ಸಿಗಲಿಲ್ಲ. ಇಲ್ಲದ ಹಾಳೆಗೆ ಅಂಕ ಕೊಟ್ಟಿದ್ದಾನೆಂದು ಅಂದೇ ಸಂಜೆ ವರದಿ ಬರೆದುಕೊಟ್ಟೆ. ಅವನನ್ನು ದೂರದ ಶಾಲೆಗೆ ಹಾಕಿದರು. ನಿವೃತ್ತಿಗೆ ಎರಡು ವರ್ಷ ಮೊದಲೇ ಕೆಲಸ ಬಿಟ್ಟ. ಆ ವಿದ್ಯಾರ್ಥಿನಿಯ ಫಲಿತಾಂಶ ರದ್ದಾಯಿತು. ನಿಯಮದಲ್ಲಿ ಏನಿತ್ತೋ ಅದನ್ನು ನಾನು ಮಾಡಿದೆ.

ನಾಳೆಯ ನಡಿಗೆಗೆ ಹೋಗುವುದಿಲ್ಲ. ಕೋಣೆಯಲ್ಲಿ ಕುಳಿತು ಕಲ್ಲುಗಳನ್ನು ನೋಡುತ್ತೇನೆ.

ನಿನ್ನ ಅಪ್ಪ


ಡಿಸೆಂಬರ್ 19

ಅಪ್ಪಾ,

ಹೌದು.

ಒಂದೇ ಪದ ಕೇಳಿದ್ದಿರಿ, ಕೊಟ್ಟಿದ್ದೇನೆ. ಉಳಿದದ್ದನ್ನು ನೀವು ಓದಲೇಬೇಕು.

ಅಕ್ಟೋಬರಿನಲ್ಲಿ ಆಫೀಸಿನವರ ಜೊತೆ ಅಲ್ಲಿಗೆ ಹೋಗಿದ್ದೆ. ಮಾಮ ನನ್ನ ಗುರುತು ಹಿಡಿದರು. ಅಮ್ಮನ ಬಗ್ಗೆ ಕೇಳಿದರು, ನಿಮ್ಮ ಕಣ್ಣಿನ ಬಗ್ಗೆ ಕೇಳಿದರು. ಆಮೇಲೆ, "ದಾರ ಮೇಷ್ಟ್ರು ಈಗ ಏನನ್ನ ಬಿಚ್ಚಿ ಕಟ್ತಾ ಇದಾರಮ್ಮಾ?" ಅಂದು ನಕ್ಕರು. ಇಡೀ ಶಾಲೆ ನಿಮ್ಮನ್ನು ಹಾಗೇ ಕರೆಯುತ್ತಿತ್ತು, ಗೊತ್ತಿರಲಿಲ್ಲವೇ? ಯಾರು ಕಟ್ಟಿದ ಗಂಟೂ ನಿಮಗೆ ಹಿಡಿಸುತ್ತಿರಲಿಲ್ಲ. ಪಾರ್ಸೆಲ್ಲಿನದು, ಹಾಸಿಗೆ ಸುರುಳಿಯದು, ನನ್ನ ಜಡೆಯದು. ಶಾಲೆಗೆ ಹೊರಟವಳನ್ನು ಬಾಗಿಲಲ್ಲಿ ನಿಲ್ಲಿಸಿ ಅಮ್ಮ ಕಟ್ಟಿದ ರಿಬ್ಬನ್ನನ್ನು ಬಿಚ್ಚಿ ಮತ್ತೆ ಕಟ್ಟುತ್ತಿದ್ದಿರಿ. ಒಂದು ದಿನ ನಡುವೆ ಹಾಲಿನವರು ಕೂಗಿದರೆಂದು ಹೋದವರು ನನ್ನನ್ನು ಮರೆತೇಬಿಟ್ಟಿರಿ. ನಾನು ಒಂದು ಜಡೆ ಕಟ್ಟಿಕೊಂಡು, ಇನ್ನೊಂದು ಬಿಚ್ಚಿಕೊಂಡು ಶಾಲೆಗೆ ಹೋದೆ. "ರಿಬ್ಬನ್ ಕಳೆದುಕೊಂಡು ಬಂದಿದ್ದೀಯಾ" ಎಂದು ಸಂಜೆ ನೀವೇ ಬೈದಿರಿ. ರಿಬ್ಬನ್ನು ನಿಮ್ಮ ಅಂಗಿಯ ಜೇಬಿನಲ್ಲಿತ್ತು.

ಹೋಟೆಲಿನ ಡಬ್ಬಿ, ಕೊಳ, ಮೊಣಕಾಲುಗಳ ಬಗ್ಗೆ ಅಷ್ಟು ಬರೆದಿದ್ದೀರಿ. ಮಾಮನ ಬಗ್ಗೆ ಬರೆದಿದ್ದು ಟೊಪ್ಪಿಗೆಯನ್ನು ಮಾತ್ರ. ಮುಖ ಹೇಗಿತ್ತು ಅಪ್ಪಾ? ಇಳಿದುಹೋಗಿದ್ದಾರೆ ಅನ್ನಿಸಲಿಲ್ಲವೇ?

ನಿಮ್ಮ ಮಗಳು


ಜನವರಿ 6

ಮಗಳೇ,

ನಿನ್ನ ಪತ್ರ ತಲುಪಿದೆ. ಪ್ರಶ್ನೆಯೂ ತಲುಪಿದೆ.

ಹೋಟೆಲಿನವರು ನನ್ನ ವಾಸ್ತವ್ಯಕ್ಕೆ ಐದರಲ್ಲಿ ಎಷ್ಟು ನಕ್ಷತ್ರ ಕೊಡುವಿರೆಂದು ಕೇಳಿ ಬರೆದಿದ್ದಾರೆ. ಉತ್ತರಿಸಿಲ್ಲ. ಸ್ವೆಟರನ್ನು ಮೂರು ಸಲ ಒಗೆಸಿದರೂ ಆ ಡಬ್ಬಿಯ ಸೌದೆ ವಾಸನೆ ಹೋಗಿಲ್ಲ. ರಟ್ಟಿನ ಬಟ್ಟೆಗೂ ಹತ್ತಿದೆ. ಅದನ್ನು ಬಿಸಿಲಿಗೆ ಹಾಕೋಣವೆಂದರೆ ಹದಿನೈದು ದಿನದಿಂದ ಬಿಸಿಲಿಲ್ಲ. ಈ ಪತ್ರವನ್ನು ಬರಿಯ ಮೇಜಿನ ಮೇಲೆ ಬರೆಯುತ್ತಿರುವುದರಿಂದ ಅಕ್ಷರಗಳು ಓರೆಯಾಗಿದ್ದರೆ ಕ್ಷಮಿಸು.

ನಿನ್ನ ಅಪ್ಪ


ಜನವರಿ 20

ಮೇಷ್ಟ್ರೇ,

ಇದರೊಂದಿಗೆ ಹೆಚ್ಚುವರಿ ಹಾಳೆಯೊಂದನ್ನು ಕಳುಹಿಸಿದ್ದೇನೆ. ಒಂದು ಬದಿಯಲ್ಲಿ ಹಕ್ಕಿಯ ರೆಕ್ಕೆಯ ಚಿತ್ರ, ಗರಿಗಳಿಗೆ ಕ್ರಮಸಂಖ್ಯೆ, ಕೆಳಗೆ ವಿವರಣೆ. ಅಂಚಿನಲ್ಲಿ ನಿಮ್ಮ ಕೆಂಪು ಶಾಯಿಯ ಆರು, ಸುತ್ತ ವೃತ್ತ.

ನಡೆದದ್ದನ್ನು ನಡೆದ ಕ್ರಮದಲ್ಲಿ ಬರೆಯುತ್ತೇನೆ. ಆ ಮಧ್ಯಾಹ್ನ ಪತ್ರಿಕೆ ನನ್ನ ಕೈಗೆ ಬಂದಾಗ ಹಾಳೆ ಅದರಲ್ಲೇ ಇತ್ತು. ದಾರದ ಗಂಟು ಸಡಿಲವಾಗಿತ್ತು. ಸರಿಯಾಗಿ ಕಟ್ಟಲೆಂದು ನಾನು ಬಿಚ್ಚಿದೆ. ಅಷ್ಟರಲ್ಲಿ ಮುಖ್ಯ ಪರೀಕ್ಷಕರು ಕರೆದರು. ಫ್ಯಾನಿನ ಗಾಳಿಗೆ ಹಾರಬಾರದೆಂದು ಹಾಳೆಯನ್ನು ರಟ್ಟಿನ ಹಿಂಬದಿಯ ಜೇಬಿಗೆ ಸೇರಿಸಿ ಎದ್ದುಹೋದೆ. ಇಪ್ಪತ್ತು ನಿಮಿಷಗಳ ನಂತರ ಬಂದು ಉಳಿದ ಹಾಳೆಗಳನ್ನು ಬಿಗಿಯಾಗಿ ಕಟ್ಟಿದೆ, ಅಂಕಗಳನ್ನು ಕೂಡಿದೆ, ನಿಮ್ಮನ್ನು ಕರೆದು ಕೇಳಿದೆ. ನೀವು ಹಾಳೆಯಿತ್ತೆಂದಿರಿ. ನಾನು ನಿಮ್ಮ ಮೇಜು, ನಿಮ್ಮ ಚೀಲ, ನೆಲ, ಕಸದ ಬುಟ್ಟಿ ಎಲ್ಲವನ್ನೂ ಹುಡುಕಿಸಿದೆ. ನನ್ನ ರಟ್ಟನ್ನು ಹುಡುಕಲಿಲ್ಲ. ನನ್ನಿಂದ ತಪ್ಪಾಗಿರಬಹುದೆಂಬ ಯೋಚನೆಯೇ ನನಗೆ ಬರಲಿಲ್ಲ.

ಇಲ್ಲಿಯವರೆಗಿನದು ತಪ್ಪು. ಮುಂದಿನದು ಬೇರೆ.

ಮರುವರ್ಷ ನಿವೃತ್ತನಾದ ಬೇಸಿಗೆಯಲ್ಲಿ ರಟ್ಟಿಗೆ ಹೊಸ ಬಟ್ಟೆ ಹಾಕಿಸಲೆಂದು ಹಳೆಯದನ್ನು ಕಿತ್ತಾಗ ಹಾಳೆ ಹೊರಗೆ ಬಿತ್ತು. ನೋಡಿದೆ. ಹೊಸ ಜೇಬು ಹೊಲಿದಾದ ಮೇಲೆ ಅದರೊಳಗೇ ಇಟ್ಟೆ. ಏಳು ವರ್ಷ ಇಟ್ಟಿದ್ದೆ. ನೀವು ಕೆಲಸ ಬಿಟ್ಟಾಗಿದೆ, ಇನ್ನು ಹೇಳಿ ಪ್ರಯೋಜನವೇನು ಎಂದು ನನಗೆ ನಾನೇ ಒಪ್ಪವಾದ ವಾಕ್ಯಗಳಲ್ಲಿ ಹೇಳಿಕೊಂಡೆ. ಹರಿದು ಎಸೆಯುವ ಧೈರ್ಯವೂ ಇರಲಿಲ್ಲ, ಕೊಡುವ ಧೈರ್ಯವೂ ಇರಲಿಲ್ಲ.

ನಿಮ್ಮ ಹೋಟೆಲಿನಲ್ಲಿ ಕಂಡ ಹೇಸಿಗೆಗಳನ್ನೆಲ್ಲ ಮಗಳಿಗೆ ಕ್ರಮವಾಗಿ ಬರೆದೆ. ನೀವು ಕಪ್ಪು ಕೂಡಿಸುತ್ತ ಎದುರಿಗೆ ನಿಂತಾಗ ಮುಖವನ್ನು ನೋಡಬೇಕಾಗುತ್ತದೆಂದು ಟೊಪ್ಪಿಗೆಯನ್ನು ನೋಡಿದೆ. ಹೇಸಿಗೆ ಎಂದು ನಾನು ಬರೆದ ಪ್ರತಿ ಪುಟದ ಅಡಿಯಲ್ಲಿ, ಒಂದು ರಟ್ಟಿನ ಆಚೆಗೆ, ಈ ಹಾಳೆಯಿತ್ತು.

ಇದರ ಮೇಲೆ ಬರೆಯುವುದಕ್ಕೆ ನನ್ನಲ್ಲಿ ಏನೂ ಇಲ್ಲ.

ಇಪ್ಪತ್ತಾರು ವರ್ಷ ನಿಮ್ಮೊಂದಿಗೆ ಬುತ್ತಿ ಬಿಚ್ಚಿದವನು


ಫೆಬ್ರವರಿ 2

ಮೇಷ್ಟ್ರೇ,

ಹಾಳೆ ತಲುಪಿತು. ಚಿತ್ರ ನನ್ನ ನೆನಪಿನಲ್ಲಿ ಇದ್ದದ್ದಕ್ಕಿಂತ ಚೆನ್ನಾಗಿದೆ. ಏಳು ಕೊಡಬೇಕಿತ್ತು.

ನೀವು ಬಿಚ್ಚಿದ್ದೀರಿ ಅಂತ ನನಗೆ ಅವತ್ತೇ ಗೊತ್ತಾಯಿತು. ಆ ಮೌಲ್ಯಮಾಪನದ ಕೋಣೆಯಲ್ಲಿ ಮೂವತ್ತು ಜನ ಇದ್ದರು, ಕಟ್ಟಿದ್ದನ್ನು ಬಿಚ್ಚುವವರು ನೀವೊಬ್ಬರೇ. ವಿಚಾರಣೆಯಲ್ಲಿ "ಯಾರ ಮೇಲಾದರೂ ಅನುಮಾನ ಇದೆಯೇ" ಎಂದು ಕೇಳಿದರು. ಇಲ್ಲ ಅಂದೆ. ಹೇಳಿದ್ದರೆ ನಿಮ್ಮ ಕೆಲಸಕ್ಕೂ ಕುತ್ತು ಬರುತ್ತಿತ್ತು. ನೀವು ಮನೆಗೆ ಹೋಗಿ ಬಟ್ಟೆ ಬದಲಾಯಿಸಿ, ರಟ್ಟನ್ನು ತೆಗೆದಿಡುವಾಗ ನೋಡುತ್ತೀರಿ, ಊಟಕ್ಕೆ ಮೊದಲೇ ನಮ್ಮ ಮನೆಗೆ ಓಡಿ ಬರುತ್ತೀರಿ ಅಂದುಕೊಂಡಿದ್ದೆ. ಅವತ್ತು ಬರಲಿಲ್ಲ. ಒಂದು ವಾರ ಸಂಜೆ ಹೊತ್ತು ಎಲ್ಲಿಗೂ ಹೋಗದೆ ಮನೆಯಲ್ಲೇ ಇದ್ದೆ. "ಯಾರಾದ್ರೂ ಬರೋರಿದ್ದಾರಾ?" ಎಂದು ಮನೆಯವಳು ಕೇಳಿ ಕೇಳಿ ಸುಮ್ಮನಾದಳು.

ಸಿಟ್ಟಿಲ್ಲ ಅಂತ ಬರೆದರೆ ಸುಳ್ಳಾಗುತ್ತದೆ. ನಿಮಗೆ ಗೊತ್ತಾಗಲಿಲ್ಲ ಅಂತ ಎಂಟು ವರ್ಷ ನಂಬಿಕೊಂಡಿದ್ದೆ, ಅಷ್ಟರಮಟ್ಟಿಗೆ ಸಮಾಧಾನ ಇತ್ತು. ಈಗ ಏಳು ವರ್ಷ ಗೊತ್ತಿತ್ತು ಅಂತ ನೀವೇ ಬರೆದಿದ್ದೀರಿ. ಪತ್ರ ಓದಿ ಎರಡು ದಿನ ನಡಿಗೆಗೆ ಹೋಗಲಿಲ್ಲ. ಮ್ಯಾನೇಜರು "ಏನು ತಾತಾ, ಹಕ್ಕಿಗಳಿಗೂ ರಜೆನಾ?" ಅಂದ. ನೀವು ಕ್ಷಮೆ ಕೇಳದೇ ಇದ್ದದ್ದು ಒಳ್ಳೆಯದಾಯಿತು. ಕೇಳಿದ್ದರೆ ಇಲ್ಲ ಅಂತ ಬರೆಯಬೇಕಾಗುತ್ತಿತ್ತು.

ಟೊಪ್ಪಿಗೆ ನನಗೂ ಹೇಸಿಗೆಯೇ. ಆದರೆ ಬೆಳಿಗ್ಗೆ ಏಳಕ್ಕೆ ಹಕ್ಕಿಗಳ ಬಗ್ಗೆ ಮಾತಾಡಿದರೆ ಕೇಳುವುದಕ್ಕೆ ಹನ್ನೆರಡು ಜನ ಸಿಗುತ್ತಾರೆ. ತರಗತಿಯಲ್ಲಿ ಅಷ್ಟು ಸಿಗುತ್ತಿರಲಿಲ್ಲ.

ಒಂದು ವಿಷಯ. ಹಾಳೆ ತಪ್ಪು ವಿಳಾಸಕ್ಕೆ ಬಂದಿದೆ. ಅದು ಆ ಚಿತ್ರ ಬರೆದ ಹುಡುಗಿಯದು, ದರ್ಜಿಯ ಮಗಳದ್ದು. ಒಂದು ವರ್ಷ ಹೋಯಿತು ಅವಳಿಗೆ. ಕಾಲೇಜಿನ ಸೀಟೂ ಹೋಯಿತು. ಈಗ ಇಲ್ಲಿನ ದನದ ಆಸ್ಪತ್ರೆಯಲ್ಲಿ ಪಟ್ಟಿ ಕಟ್ಟುವ ಕೆಲಸ ಮಾಡುತ್ತಿದ್ದಾಳೆ. ಹೋದ ವರ್ಷ ರೆಕ್ಕೆ ಮುರಿದ ಒಂದು ಗೂಬೆಯನ್ನು ತೆಗೆದುಕೊಂಡು ಹೋದಾಗ ಸಿಕ್ಕಿದಳು. ರೆಕ್ಕೆಗೆ ಪಟ್ಟಿ ಸುತ್ತುತ್ತಾ ಕೇಳಿದಳು: "ಸರ್, ನಾನು ಆ ಚಿತ್ರ ಬರೆದಿದ್ದೆ ಅಲ್ವಾ? ಎಲ್ಲರೂ ಇಲ್ಲ ಅಂದು ಅಂದು, ಒಂದೊಂದ್ಸಲ ನನಗೇ ಡೌಟ್ ಬರುತ್ತೆ."

ಅವಳಿಗೆ ಉತ್ತರ ನಾನು ಕೊಟ್ಟರೆ ಆಗುವುದಿಲ್ಲ. ಹಾಳೆ ಮಡಚಿಹೋಗದ ಹಾಗೆ ಒಂದು ರಟ್ಟಿನ ತುಂಡಿಗೆ ದಾರದಿಂದ ಕಟ್ಟಿ ವಾಪಸು ಕಳಿಸಿದ್ದೇನೆ. ಗಂಟು ನನ್ನದೇ. ನಿಮಗೆ ಹಿಡಿಸಲಿಕ್ಕಿಲ್ಲ.

ವಿಜ್ಞಾನದ ಮೇಷ್ಟ್ರು


ಫೆಬ್ರವರಿ 15

ಮಗಳೇ,

ನೀನು ಕೇಳಿದ ಪ್ರಶ್ನೆಗೆ ಉತ್ತರ: ಹೌದು, ಇಳಿದುಹೋಗಿದ್ದಾನೆ. ಎಡಗೆನ್ನೆ ಗುಳಿಬಿದ್ದಿದೆ. ಟೊಪ್ಪಿಗೆಯ ಕೆಳಗೆ ಕೂದಲು ಪೂರ್ತಿ ಬೆಳ್ಳಗಾಗಿದೆ. ನೋಡಿದ್ದೆ, ಬರೆದಿರಲಿಲ್ಲ.

ಈ ಲಕೋಟೆಯಲ್ಲಿ ಮೂರು ಪತ್ರಗಳ ಪ್ರತಿಗಳಿವೆ: ನಾನು ಅವನಿಗೆ ಬರೆದದ್ದು, ಅವನು ನನಗೆ ಬರೆದದ್ದು, ಪರೀಕ್ಷಾ ಕಚೇರಿಗೆ ನಾನು ಕೊಟ್ಟ ಹೇಳಿಕೆ. ಹೇಳಿಕೆಯಲ್ಲಿ ವಿಶೇಷಣಗಳಿಲ್ಲ. ಕಚೇರಿಯವರು ಏನು ಮಾಡುತ್ತಾರೋ ತಿಳಿಯದು. ಗುಮಾಸ್ತ ಓದಿ, "ಇಷ್ಟು ಹಳೇದನ್ನ ಈಗ್ಯಾಕೆ ಕೆದಕ್ತೀರಿ ಸರ್, ಆರಾಮಾಗಿರೋದು ಬಿಟ್ಟು" ಎಂದ. ಕದ್ದ ಮಾಲಿಗೆ ಹೊದಿಸಿದ ಬಟ್ಟೆಯಂತಿತ್ತು ಆ ದಯೆ. ಅಷ್ಟು ವರ್ಷ ನನಗೆ ನಾನೇ ಅದನ್ನು ಹೊದಿಸಿದ್ದೆ. ಮೊಹರು ಹಾಕಿಸಿಕೊಂಡೇ ಬಂದೆ.

ಅಲ್ಲಿಂದ ದನದ ಆಸ್ಪತ್ರೆಗೆ ಹೋದೆ. ನೆಲವೆಲ್ಲ ಸಗಣಿ, ಫಿನಾಯಿಲು, ಕೀವು. ಹಿಂದಿನ ನಾನಾಗಿದ್ದರೆ ನಿನಗೆ ಅದರ ಮೇಲೆ ಎರಡು ಪುಟ ಬರೆಯುತ್ತಿದ್ದೆ. ನಿಜ ಹೇಳುತ್ತೇನೆ, ಆ ಹೋಟೆಲಿಗಿಂತ ಅಲ್ಲಿ ಉಸಿರಾಡುವುದು ಸುಲಭವಾಗಿತ್ತು. ಅಲ್ಲಿನ ವಾಸನೆ ಅಲ್ಲಿ ಇದ್ದ ವಸ್ತುಗಳದೇ. ದರ್ಜಿಯ ಮಗಳು ಒಂದು ಕೋಳಿಯ ಕಾಲಿಗೆ ಪಟ್ಟಿ ಸುತ್ತುತ್ತಿದ್ದಳು. ನಾನು ಯಾರೆಂದು ಹೇಳಿದೆ. ತಲೆಯೆತ್ತಲಿಲ್ಲ. ಕೋಳಿಯನ್ನು ಬುಟ್ಟಿಗೆ ಬಿಟ್ಟು, ಕೈಯನ್ನು ಎರಡು ಸಲ ಸೋಪು ಹಾಕಿ ತೊಳೆದು, ಒರೆಸಿಕೊಂಡು ಬಂದು ಹಾಳೆಯ ಕಟ್ಟನ್ನು ತೆಗೆದುಕೊಂಡಳು.

"ಇದು ನಂದೇ" ಎಂದಳು. ಗರಿಗಳ ಮೇಲೆ ಬೆರಳಾಡಿಸಿ ಎಣಿಸಿದಳು. ಆಮೇಲೆ, "ಇಷ್ಟು ವರ್ಷ ಎಲ್ಲಿತ್ತು?"

"ನನ್ನ ಹತ್ತಿರ."

"ಕಳೆದುಹೋಗಿತ್ತಾ?"

"ಮೊದಲನೆಯ ವರ್ಷ."

ಅವಳು ನನ್ನನ್ನು ನೋಡಿದಳು. ಆ ನೋಟ ನನಗೆ ಹೊಸದಲ್ಲ ಮಗಳೇ. ಕೊಳದಲ್ಲಿ ಮೂಗು ಸೀಟಿದವನನ್ನು ನಾನು ಹಾಗೆಯೇ ನೋಡಿದ್ದೆ. "ಸರಿ ಸರ್. ಹೊರಗಡೆ ಜನ ಕಾಯ್ತಿದಾರೆ" ಎಂದಳು. ಕುಳಿತುಕೊಳ್ಳಿ ಎನ್ನಲಿಲ್ಲ. ಎನ್ನಬೇಕಾದ ಕಾರಣವೂ ಇರಲಿಲ್ಲ.

ಮನೆಗೆ ಬಂದು ನಿನ್ನ ತಾಯಿಗೆ ಎಲ್ಲವನ್ನೂ ಹೇಳಿದೆ. "ಗೊತ್ತಿತ್ತು" ಎಂದಳು. "ಜೇಬಿನ ಹೊಲಿಗೆ ಬಿಟ್ಟಿತ್ತು ಅಂತ ಎರಡನೇ ಸಲ ಹಾಕೋವಾಗ ಹಾಳೆ ನೋಡಿದ್ದೆ. ನೀವಾಗೇ ಹೇಳ್ತೀರಿ ಅಂತ ಸುಮ್ಮನಿದ್ದೆ." ರಟ್ಟನ್ನು ಹೋಟೆಲಿನ ಚೀಲದಲ್ಲಿ ಇಟ್ಟದ್ದೇಕೆಂದು ಕೇಳಿದೆ. "ನಿಮ್ಮ ಮಗಳು ಅಲ್ಲಿ ಯಾರಿದಾರೆ ಅಂತ ನನಗೆ ಹೇಳಿದ್ದಳು" ಎಂದಷ್ಟೇ ಹೇಳಿ ಒಲೆಯ ಕಡೆಗೆ ತಿರುಗಿದಳು. ಗುಟ್ಟೆಂದು ನಾನು ಕಾಪಾಡಿಕೊಂಡು ಬಂದದ್ದು ನನ್ನೊಬ್ಬನ ಪಾಲಿಗೆ ಮಾತ್ರ ಗುಟ್ಟಾಗಿತ್ತು.

ಒಂದು ವಿಷಯ ಬಿಟ್ಟುಹೋಯಿತು. ಅವನು ಕಟ್ಟಿ ಕಳುಹಿಸಿದ್ದ ಗಂಟು ಮೊದಲಿನಷ್ಟೇ ಸಡಿಲವಾಗಿತ್ತು. ದನದ ಆಸ್ಪತ್ರೆಗೆ ಹೋಗುವಾಗ ಬಸ್ಸಿನಲ್ಲಿ ಒಂದೂಮುಕ್ಕಾಲು ಗಂಟೆ ಅದನ್ನು ಎರಡೂ ಕೈಗಳಲ್ಲಿ ಹಿಡಿದುಕೊಂಡು ಕುಳಿತಿದ್ದೆ. ಪ್ರತಿ ಕುಲುಕಿಗೂ ದಾರ ಒಂದೆಳೆ ಜಾರುತ್ತಿತ್ತು. ನಾನು ಮುಟ್ಟಲಿಲ್ಲ. ಬಿಚ್ಚಿದವಳು ಅವಳೇ.

ನಿನ್ನ ಅಪ್ಪ